ಆಟದ ಪೆಟ್ಟಿಗೆಗೆ ಬುತ್ತಿ ಬೇಡ, ಅಡುಗೆ ಚೀಟಿ ಸಾಕು!

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಬಹಳ ದಿನ ಬರೋದಿಲ್ಲ ಅನ್ನುವುದು ಹಿರಿಯರ ಮಾತು. ಇದು ಕಂಪ್ಯೂಟರಿಗೂ ಅನ್ವಯಿಸುತ್ತದೆ ಅಂದರೆ ನಂಬುತ್ತೀರಾ? ಹಳೇ ವಿಡಿಯೋ ಗೇಮಿನ ಆಸೆಗೆ ಬಿದ್ದು, 'ಹತ್ತು ಸಾವಿರ ಆಟ ತುಂಬಿದೆ' ಅಂದ ಮೆಮೊರಿ ಕಾರ್ಡಿಗೆ ದುಡ್ಡು ಸುರಿದವರು ಖಂಡಿತ ನಂಬುತ್ತಾರೆ.

ಈ ಆಸೆ ಇಂದಿನದಲ್ಲ. 1990ರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಗೇಮ್ ಪೆಟ್ಟಿಗೆ ಮನೆಮನೆಗೆ ಬಂತು. ಬಹುಪಾಲು ಅವೆಲ್ಲ ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಆಟ ತುಂಬಿದ ಡಬ್ಬಿಗೆ ಹುಡುಗರು ಇಟ್ಟ ಹೆಸರು 'ಕ್ಯಾಸೆಟ್'. ಓಡದಿದ್ದರೆ ತೆಗೆದು ಉಫ್ ಅಂತ ಊದುವುದು, ಮತ್ತೆ ತುರುಕುವುದು. ಮೇಲಿನ ಚೀಟಿಯಲ್ಲಿ ಲಕ್ಷಗಟ್ಟಲೆ ಆಟ ಅಂತ ಅಚ್ಚಾಗಿದ್ದರೂ ಒಳಗೆ ಅವೇ ನಾಲ್ಕಾರು ಆಟಗಳು ಬೇರೆ ಬೇರೆ ನಂಬರಿನಲ್ಲಿ ಕೂತಿರುತ್ತಿದ್ದವು. ಆ ಹುಡುಗರು ಈಗ ಮನೆ ಯಜಮಾನರು. ಮಾರಿಯೋ ಹಾರುವುದನ್ನು ಮಕ್ಕಳಿಗೂ ತೋರಿಸಬೇಕೆಂಬ ಚಪಲ ಮಾತ್ರ ಹೋಗಿಲ್ಲ.

35 ಡಾಲರಿನ ಹಲಗೆ

ಈ ಚಪಲಕ್ಕೆ ದಾರಿ ತೆರೆದದ್ದು ಇಂಗ್ಲೆಂಡಿನ ಕೇಂಬ್ರಿಡ್ಜ್. ಎಬೆನ್ ಅಪ್ಟನ್ ಮತ್ತು ಸಂಗಡಿಗರು ಕಟ್ಟಿದ ರಾಸ್ಪ್‌ಬೆರಿ ಪೈ ಫೌಂಡೇಶನ್, 2012ರ ಫೆಬ್ರವರಿ 29ರಂದು ಎಟಿಎಂ ಕಾರ್ಡಿನಷ್ಟಗಲದ ಒಂದು ಕಂಪ್ಯೂಟರ್ ಮಾರಾಟಕ್ಕಿಟ್ಟಿತು. ಪೆಟ್ಟಿಗೆಯಿಲ್ಲ, ಪರದೆಯಿಲ್ಲ, ಬರೀ ಹಲಗೆ. ಬೆಲೆ 35 ಡಾಲರ್. ಮಕ್ಕಳು ಪ್ರೋಗ್ರಾಂ ಬರೆಯುವುದನ್ನು ಕಲಿಯಲಿ ಎಂಬುದು ಅವರ ಉದ್ದೇಶ. ಆದರೆ ಜನ ಬಹುಬೇಗ ಇನ್ನೊಂದು ಲೆಕ್ಕ ಹಾಕಿದರು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಒಟ್ಟು ಗಾತ್ರ 40 ಕೆಬಿ. ಈ ಹಲಗೆಯ ಮೆಮೊರಿ 256 ಎಂಬಿ. ಅಂದರೆ ಅಂಥ ಆರು ಸಾವಿರ ಆಟ ಒಟ್ಟಿಗೇ ತುಂಬಿದರೂ ಜಾಗ ಮಿಗುತ್ತದೆ!

ಲೆಕ್ಕ ಸುಲಭ, ಕೆಲಸ ಕಷ್ಟ. ಹಳೇ ಆಟ ಹೊಸ ಯಂತ್ರದಲ್ಲಿ ನೇರ ಓಡುವುದಿಲ್ಲ. ಅದಕ್ಕೆ 'ಎಮ್ಯುಲೇಟರ್' ಬೇಕು. ಇದೊಂದು ವೇಷಗಾರ ಪ್ರೋಗ್ರಾಂ. ಹಳೇ ಯಂತ್ರದ ವೇಷ ಕಟ್ಟಿ ಆಟವನ್ನು ನಂಬಿಸುತ್ತದೆ. ನಿಂಟೆಂಡೊಗೆ ಒಂದು ವೇಷ, ಸೆಗಾಗೆ ಇನ್ನೊಂದು, ಅಟಾರಿಗೆ ಮಗದೊಂದು. ಒಂದೊಂದಕ್ಕೂ ಮೂಲ ಕೋಡ್ ಇಳಿಸಿ, ಜೊತೆ ಸಾಮಾನು ಹುಡುಕಿ, ಹಲಗೆಗೆ ತಕ್ಕಂತೆ ಕಂಪೈಲ್ ಮಾಡಿ, ಜಾಯ್‌ಸ್ಟಿಕ್ಕಿನ ಗುಂಡಿಗಳನ್ನು ಹೊಂದಿಸಬೇಕು. 700 ಮೆಗಾಹರ್ಟ್ಸ್‌ನ ಆ ಮೊದಲ ಹಲಗೆಯಲ್ಲಿ ಕಂಪೈಲ್ ಅಂದರೆ ಗಂಟೆಗಟ್ಟಲೆ ಕಾಯುವ ಶಿಕ್ಷೆ. ನಡುವೆ ಒಂದು ತಪ್ಪಾಯಿತೋ, ಪುನಃ ಶ್ರೀಗಣೇಶಾಯ ನಮಃ.

ಬರೆದಿಟ್ಟ ಬುದ್ಧಿ

ಇದೇ 2012ರಲ್ಲಿ ಜರ್ಮನಿಯ ಫ್ಲೋರಿಯನ್ ಮ್ಯುಲ್ಲರ್ ಒಂದು ಜಾಣತನ ಮಾಡಿದರು. ಪ್ರತಿ ಸಲ ಕೈಯಿಂದ ಮಾಡುವ ಈ ಕೆಲಸವನ್ನೆಲ್ಲ ಸಾಲಾಗಿ ಒಂದು ಸ್ಕ್ರಿಪ್ಟಿನಲ್ಲಿ ಬರೆದಿಟ್ಟರು. ಅದೇ 'ರೆಟ್ರೋಪೈ'. ಮುಂದೆ ಜೂಲ್ಸ್ ವಿಲ್ಸ್ ಮತ್ತಿತರರು ಸೇರಿ ಅದನ್ನು ಬೆಳೆಸಿದರು. ಇದರಲ್ಲಿ ಒಂದೊಂದು ಎಮ್ಯುಲೇಟರಿಗೂ ಒಂದೊಂದು ಪುಟ್ಟ ಕಡತ. ಕಡತದಲ್ಲಿ ಐದು ಮಾತು: ಬೇಕಾದ ಸಾಮಾನು ತರಿಸು, ಮೂಲ ಕೋಡ್ ಇಳಿಸು, ಕಟ್ಟು, ಜಾಗಕ್ಕೆ ಕೂರಿಸು, ಹೊಂದಿಸು. ಕಟ್ಟುವಷ್ಟು ತಾಳ್ಮೆ ಇಲ್ಲವೇ? ಮೊದಲೇ ಕಟ್ಟಿಟ್ಟದ್ದನ್ನು ಇಳಿಸಿಕೊಳ್ಳುವ ಏರ್ಪಾಡೂ ಉಂಟು. ಬಳಸುವವನ ಕೆಲಸ ಇಷ್ಟೇ: ಸ್ಕ್ರಿಪ್ಟ್ ಇಳಿಸು, ಓಡಿಸು, 'ಬೇಸಿಕ್ ಇನ್‌ಸ್ಟಾಲ್' ಒತ್ತು, ಕಾಫಿ ಕುಡಿದು ಬಾ.

ಸ್ಕ್ರಿಪ್ಟ್ ಯಾಕೆ? ಎಲ್ಲ ತುಂಬಿದ ರೆಡಿ ಕಾರ್ಡೇ ಇರುವಾಗ ಇದೆಲ್ಲ ಯಾಕೆ ಸ್ವಾಮಿ? ವಾಚಕರು ಹೀಗೆ ಕೇಳುವುದು ಸಹಜ. ಉತ್ತರ ಮೇಲಿನ ಗಾದೆಯಲ್ಲಿದೆ. ರೆಡಿ ಕಾರ್ಡು ಕಟ್ಟಿಕೊಟ್ಟ ಬುತ್ತಿ. ಕಟ್ಟಿದ ದಿನ ರುಚಿ, ಆಮೇಲೆ ಹಳಸಲು. ಸ್ಕ್ರಿಪ್ಟ್ ಅಡುಗೆಯ ಚೀಟಿ. ಯಾವ ಒಲೆಯ ಮೇಲಾದರೂ ಬಿಸಿಬಿಸಿ ಮಾಡಿಕೊಳ್ಳಬಹುದು. ಹೇಳಿಕೊಟ್ಟ ಬುದ್ಧಿ ಮರೆತುಹೋದೀತು. ಬರೆದಿಟ್ಟ ಬುದ್ಧಿ ಮರೆಯುವುದಿಲ್ಲ.

ಇದಕ್ಕೆ ಸಾಕ್ಷಿಯೂ ಇದೆ. ರೆಟ್ರೋಪೈ ತಂಡದವರೇ ಉಚಿತವಾಗಿ ಕೊಡುವ ರೆಡಿ ಇಮೇಜಿನ 4.8 ಆವೃತ್ತಿ ಬಂದದ್ದು 2022ರ ಮಾರ್ಚ್‌ನಲ್ಲಿ. 2023ರ ಅಕ್ಟೋಬರ್‌ನಲ್ಲಿ 'ಪೈ 5' ಹಲಗೆ ಬಂತು. ಹಳೇ ಇಮೇಜ್ ಹೊಸ ಹಲಗೆಯಲ್ಲಿ ಮೇಲೇಳಲಿಲ್ಲ. ಆದರೆ ಸ್ಕ್ರಿಪ್ಟ್ ತಿದ್ದಲು ಸಾಧ್ಯವಿತ್ತು, ತಿದ್ದಿದರು. ಹಲಗೆಗೆ ಅದರ ಮಾಮೂಲಿ ಓಎಸ್ ಹಾಕಿ, ಮೇಲೆ ಸ್ಕ್ರಿಪ್ಟ್ ಓಡಿಸಿದವರ ಆಟ ನಡೆಯಿತು.

ಇನ್ನು ಕರೆಂಟಿನ ಕಥೆ. ಆಟದ ಮಧ್ಯೆ ಕರೆಂಟ್ ಹೋದರೆ ಕಾರ್ಡಿನಲ್ಲಿ ಬರೆಯುತ್ತಿದ್ದ ಕಡತ ಅರ್ಧಕ್ಕೇ ನಿಂತು, ಇಡೀ ಕಾರ್ಡು ಕೆಡುವುದುಂಟು. ದುಡ್ಡು ಕೊಟ್ಟು ತಂದ ಬುತ್ತಿಯಾದರೆ ಗೋವಿಂದ! ತನ್ನ ಬೇಕುಬೇಡಗಳನ್ನು ಹತ್ತು ಸಾಲಿನ ಸ್ಕ್ರಿಪ್ಟಾಗಿ ಬರೆದಿಟ್ಟು, ಜಾಯ್‌ಸ್ಟಿಕ್ಕಿನ ಹೊಂದಿಕೆಯ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟವನಿಗೆ ಚಿಂತೆಯಿಲ್ಲ. ರೆಟ್ರೋಪೈಯನ್ನು ಮೆನು ತೆರೆಯದೆ, ಒಂದೇ ಸಾಲಿನ ಆಜ್ಞೆಯಿಂದಲೂ ಓಡಿಸಬಹುದು. ಹೊಸ ಕಾರ್ಡು ಹಾಕಿ ಚೀಟಿ ಓಡಿಸಿದರೆ ಪೆಟ್ಟಿಗೆ ಮೊದಲಿದ್ದ ಹಾಗೇ ಎದ್ದು ಕೂರುತ್ತದೆ.

ಕೈ ಸುಟ್ಟೀತು, ಜೋಕೆ!

ಎಚ್ಚರಿಕೆಯ ಮಾತೂ ಇದೆ. ಇಂಥ ಸ್ಕ್ರಿಪ್ಟ್ ಓಡಿಸುವಾಗ ಆಜ್ಞೆಯ ಮೊದಲಿಗೆ 'ಸುಡೋ' ಎಂಬ ಪದ ಹಾಕಬೇಕು. ಸುಡೋದು ಏನೂ ಇಲ್ಲ; ಯಂತ್ರದ ಪೂರ್ತಿ ಯಜಮಾನಿಕೆ ಸ್ಕ್ರಿಪ್ಟಿಗೆ ಒಪ್ಪಿಸಿದಂತೆ. ಆದ್ದರಿಂದ ಗುರುತಿಲ್ಲದವರ ಸ್ಕ್ರಿಪ್ಟಿಗೆ ಸುಡೋ ಕೊಟ್ಟರೆ ಕೈ ಸುಡುವುದೂ ಖಾತ್ರಿ. ಸ್ಕ್ರಿಪ್ಟ್ ಬರೀ ಅಕ್ಷರ. ತೆರೆದು ಓದಬಹುದು, ಬಲ್ಲವರಿಂದ ಓದಿಸಬಹುದು. ರೆಡಿ ಕಾರ್ಡಿನೊಳಗೆ ಏನಿದೆ ಅಂತ ಹಾಗೆ ಓದಲಿಕ್ಕಾಗದು.

ಕಾನೂನಿನ ಮಾತೂ ಕೇಳಿ. ಹಳೇ ಆಟಗಳ ಹಕ್ಕು ಹಳತಾಗಿಲ್ಲ. 2018ರಲ್ಲಿ ಆಟ ಹಂಚುತ್ತಿದ್ದವರ ಮೇಲೆ ನಿಂಟೆಂಡೊ ಅಮೆರಿಕದಲ್ಲಿ ಹೂಡಿದ ದಾವೆ ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರಿಗೂ ಮಿಕ್ಕ ತೀರ್ಪಿನಲ್ಲಿ ಮುಗಿಯಿತು. ರೆಟ್ರೋಪೈ ಇಂಥ ಆಟಗಳನ್ನು ಕೊಡುವುದೇ ಇಲ್ಲ. ಅದರೊಳಗಿನ ಕೆಲವು ಎಮ್ಯುಲೇಟರುಗಳ ಪರವಾನಗಿ ವ್ಯಾಪಾರಕ್ಕೇ ಒಪ್ಪದು. ಹಾಗಾಗಿ ಅದನ್ನು ಕಾರ್ಡಿಗೆ ತುಂಬಿ ಮಾರುವುದೂ ತಪ್ಪೇ. 1993ರ 'ಡೂಮ್' ಆಟದ ಉಚಿತ ಭಾಗ, 2004ರ 'ಕೇವ್ ಸ್ಟೋರಿ' ಇಂಥವನ್ನು ಮಾತ್ರ ಸ್ಕ್ರಿಪ್ಟೇ ನ್ಯಾಯವಾಗಿ ತಂದುಕೊಡುತ್ತದೆ.

ಕಾರ್ಡು ಮಾರುವವನು ಎದುರಾದರೆ ಒಂದೇ ಪ್ರಶ್ನೆ ಹಾಕಿ: "ಇದು ಕೆಟ್ಟರೆ ಏನ್ ಮಾಡ್ಲಿ ಸ್ವಾಮಿ?" "ಇನ್ನೊಂದು ತಗೊಂಡ್ ಹೋಗಿ ಸಾರ್" ಅಂದನೋ, ಅದು ಬುತ್ತಿ. ದುಡ್ಡು ಜೇಬಿನಲ್ಲೇ ಇರಲಿ.