ಮಂಗೋಲಿಯಾದ ಗುಡಾರಕ್ಕೂ ನಮ್ಮ ಕಂಬಳಿಗೂ ಉಣ್ಣೆಯ ನಂಟು

ಹೈದರಾಬಾದ್: ಡಿಸೆಂಬರ್ ಚಳಿ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದರೆ ಸಾಕು, ನಗರದ ಕನ್ನಡಿಗರ ಮನೆಗಳಲ್ಲಿ ಅಟ್ಟದ ಮೇಲಿನ ಕಂಬಳಿ ಕೆಳಗಿಳಿಯುತ್ತದೆ. ಅದೇ ಹೊತ್ತಿಗೆ ಮಂಗೋಲಿಯಾದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗೆ, ಕೆಲವೆಡೆ 40ರವರೆಗೂ ಜಾರುತ್ತದೆ. ಅಲ್ಲಿನ ಕುರಿಗಾಹಿಗಳು ಎಳೆ ಮಕ್ಕಳೊಂದಿಗೆ ಆ ಚಳಿಗಾಲವನ್ನು ಕಳೆಯುವುದು ದುಂಡನೆಯ ಗುಡಾರದಲ್ಲಿ. ಅವರು ಅದನ್ನು 'ಗೆರ್' ಎನ್ನುತ್ತಾರೆ, ಹೊರಗಿನವರು 'ಯರ್ಟ್' ಎನ್ನುತ್ತಾರೆ. ಇದನ್ನು ಕಟ್ಟುವ ಕಸುಬು 2013ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿಗೆ ಸೇರಿತು.

ಇಟ್ಟಿಗೆ ಗೋಡೆಯಿಲ್ಲದ ಈ ಮನೆ ಬೆಚ್ಚಗಿರುವ ಗುಟ್ಟು ಕುರಿಯ ಉಣ್ಣೆಯಲ್ಲಿದೆ. ಉಣ್ಣೆಯನ್ನು ನೇಯುವುದಿಲ್ಲ, ಹರಡಿ, ನೀರು ಚಿಮುಕಿಸಿ, ಸುರುಳಿ ಸುತ್ತಿ, ಕುದುರೆ ಅಥವಾ ಒಂಟೆಯಿಂದ ಎಳೆಸಿ ಉರುಳಿಸುತ್ತಾರೆ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪ ಹಾಸು ಆಗುತ್ತದೆ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗದಿರುವುದರಿಂದ ಒಳಗಿನ ಶಾಖ ಬೇಗ ಹೊರಗೆ ಹೋಗದು. ಚಳಿ ಏರಿದಂತೆ ಹಾಸಿನ ಪದರಗಳೂ ಏರುತ್ತವೆ. ಬಾಗಿಲು ದಕ್ಷಿಣಕ್ಕಿರುತ್ತದೆ. ಗುಡಾರ ದುಂಡಗೆ, ಗಿಡ್ಡಗೆ ಇರುವುದರಿಂದ ಗಾಳಿ ಬದಿಗೆ ಸರಿದು ಹೋಗುತ್ತದೆ.

ನಡುವೆ ಒಲೆ, ಉರುವಲಿಗೆ ಒಣಗಿದ ಸಗಣಿ. ಎಷ್ಟೇ ಚಳಿಯಿದ್ದರೂ ಹೊಗೆಯ ಕೊಳವೆ ಮಾತ್ರ ಮಾಡಿನ ಕಿಂಡಿಯಿಂದ ಹೊರಗೇ ಚಾಚಿರುತ್ತದೆ. ನಮ್ಮಲ್ಲೂ ಕಿಟಕಿ ಮುಚ್ಚಿ, ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವವರು ಇದನ್ನು ಗಮನಿಸಬೇಕು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಉಣ್ಣೆಯ ಈ ಗುಣ ದಖನ್ನಿನ ಕುರಿಗಾಹಿಗಳಿಗೂ ಹೊಸದಲ್ಲ. ಕರ್ನಾಟಕದ ಕುರುಬರ ಕಂಬಳಿಯೇ ತೆಲಂಗಾಣದ ಕುರುಮರ ಗೊಂಗಡಿ. ದಖನಿ ಕುರಿಯ ಒರಟು ಕಪ್ಪು ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ, ಕುಣಿಮಗ್ಗದಲ್ಲಿ ನೇಯುತ್ತಾರೆ. ಹೊಲದಲ್ಲಿ ಮಲಗುವವನಿಗೆ ಅದೇ ಹಾಸಿಗೆ, ಅದೇ ಹೊದಿಕೆ. ಮಳೆ ಬಂದರೆ ಅದೇ ಕೊಪ್ಪೆ. ಚಳ್ಳಕೆರೆಯ ಕಂಬಳಿ ಇಂದಿಗೂ ಹೆಸರುವಾಸಿ.

ಆದರೆ ಮಾಂಸಕ್ಕೆ ಬೇಡಿಕೆ ಹೆಚ್ಚಿದಂತೆ, ಉಣ್ಣೆಯಿಲ್ಲದ ನೆಲ್ಲೂರು ತಳಿಯ ಕುರಿಗಳು ಹಿಂಡುಗಳಲ್ಲಿ ತುಂಬಿಕೊಂಡವು. ದಖನಿ ಕುರಿ ಉಳಿಸಿಕೊಂಡವರಿಗೂ ಅನೇಕ ಕಡೆ ಉಣ್ಣೆ ಕತ್ತರಿಸಿದ ಕೂಲಿ ಹುಟ್ಟುವುದಿಲ್ಲ, ಉಣ್ಣೆ ತಿಪ್ಪೆಗೆ ಹೋಗುತ್ತದೆ. ಮಿಲ್ಲಿನ ಅಗ್ಗದ ರಗ್ಗುಗಳ ಮುಂದೆ ಮಗ್ಗಗಳು ಮೌನವಾಗುತ್ತಿವೆ. ಮಂಗೋಲಿಯಾದ ಕಸುಬು ಉಳಿದಿರುವುದು ಪಟ್ಟಿಗೆ ಸೇರಿದ್ದರಿಂದಲ್ಲ, ಅಲ್ಲಿನ ಜನ ಇಂದಿಗೂ ಗೆರ್‌ನಲ್ಲೇ ಮಲಗುವುದರಿಂದ. ಊರಿಗೆ ಹೋದಾಗ ನೇಕಾರರ ಕೈಯಿಂದಲೇ ಕೊಂಡು ತಂದ ಒಂದು ಕಂಬಳಿ ಇಲ್ಲಿನ ಮನೆಯನ್ನಷ್ಟೇ ಅಲ್ಲ, ಅಲ್ಲಿನ ಒಂದು ಮಗ್ಗವನ್ನೂ ಬೆಚ್ಚಗಿಟ್ಟೀತು.