ಪೇಟ ಸುತ್ತಿದ ಪಾದ್ರಿ

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಎತ್ತರದ ಗೋಪುರವನ್ನು ಕಾಣದ ಬೆಂಗಳೂರಿಗರು ವಿರಳ. ಗಾಥಿಕ್ ಶೈಲಿಯ ಈಗಿನ ಕಟ್ಟಡ 1882ರದು. ಅದಕ್ಕೂ ಮೊದಲು ಅಲ್ಲಿ ಕಾಣಿಕೆ ಮಾತೆಯ ಹೆಸರಿನ ಚಿಕ್ಕದೊಂದು ಪ್ರಾರ್ಥನಾಮಂದಿರವಿತ್ತು. 1818ರಲ್ಲಿ ಅದನ್ನು ಕಟ್ಟಿಸಿದವರು ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿಗಳೆಂದು ದೇವಾಲಯದ ಚರಿತ್ರೆ ಹೇಳುತ್ತದೆ. ಇದೇ ಹೆಸರು ವಿದ್ವಾಂಸರಿಗೆ ಬೇರೊಂದು ಕಾರಣದಿಂದ ಪರಿಚಿತ. ಹಿಂದೂ ಜನರ ಆಚಾರವಿಚಾರಗಳನ್ನು ಕುರಿತು ದುಬ್ವಾ ಅವರ ಹೆಸರಿನಲ್ಲಿ ಬಂದ ಬೃಹದ್ಗ್ರಂಥವನ್ನು ಹೊಗಳಿದವರುಂಟು, ತೆಗಳಿದವರುಂಟು. ಓದಿ ಸುಮ್ಮನಿದ್ದವರು ಕಡಿಮೆ.

ದುಬ್ವಾ ಹುಟ್ಟಿದ್ದು 1765ರಲ್ಲಿ, ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯಲ್ಲಿ. 1792ರಲ್ಲಿ ಗುರುದೀಕ್ಷೆಯಾಯಿತು, ಅದೇ ವರ್ಷ, ಕ್ರಾಂತಿಯ ಬೆಂಕಿಯಲ್ಲಿ ಬೇಯುತ್ತಿದ್ದ ತಾಯ್ನಾಡನ್ನು ಬಿಟ್ಟು ಭಾರತದ ಹಡಗನ್ನೇರಿದರು. ಮೊದಲ ಕೆಲವು ವರ್ಷಗಳು ತಮಿಳುನಾಡಿನಲ್ಲಿ ಕಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸುವ ಹೊಣೆ ಹೊತ್ತು ಮೈಸೂರು ಸೀಮೆಗೆ ಬಂದರು. ಮುಂದಿನ ಇಪ್ಪತ್ತನಾಲ್ಕು ವರ್ಷ ಈ ಸೀಮೆಯೇ ಅವರ ಮನೆಯಾಯಿತು.

ಜನರ ನಂಬಿಕೆ ಗಳಿಸಬೇಕಾದರೆ ಅವರಂತೆ ಬದುಕಬೇಕೆಂಬುದು ಅವರ ಮೊದಲ ನಿಶ್ಚಯ. ಯೂರೋಪಿನ ಉಡುಪನ್ನು ಕಳಚಿ ಉದ್ದನೆಯ ನಿಲುವಂಗಿ ತೊಟ್ಟರು, ತಲೆಗೆ ಪೇಟ ಸುತ್ತಿದರು, ಕೈಯಲ್ಲಿ ಕೋಲು ಹಿಡಿದರು. ಊಟ, ಕೂರುವ ರೀತಿ, ಮಾತುಕತೆಯ ಮರ್ಯಾದೆ ಎಲ್ಲವೂ ದೇಶದ ಪದ್ಧತಿಯಂತೆಯೇ ನಡೆಯಿತು. ಬಿಳಿಯರ ಸಹವಾಸವನ್ನು ಆದಷ್ಟು ದೂರವಿಟ್ಟರು. ಪ್ರಯಾಣದಲ್ಲಿ ಹಳ್ಳಿ ಹತ್ತಿರವಾದಾಗ ಬಿಡಾರಕ್ಕಾಗಿ ಯಾರನ್ನೂ ಬೇಡಬೇಕಾಗಲಿಲ್ಲವೆಂದೂ, ಅಗ್ರಹಾರದ ಬಾಗಿಲುಗಳು ಸಹ ತಮಗೆ ತೆರೆದವೆಂದೂ ಅವರೇ ಬರೆದುಕೊಂಡಿದ್ದಾರೆ. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಪರದೇಶದ ಪಾದ್ರಿಗೆ ಕನ್ನಡ ನಾಡು ಇದಕ್ಕಿಂತ ದೊಡ್ಡ ಬಿರುದನ್ನು ಕೊಡುವುದು ಕಷ್ಟ.

ಈ ವಿಶ್ವಾಸದ ಬಲವನ್ನು ಅವರು ಒಂದು ಒಳ್ಳೆಯ ಕೆಲಸಕ್ಕೆ ಬಳಸಿಕೊಂಡರು. ಜೆನ್ನರನ ಸಿಡುಬಿನ ಲಸಿಕೆ ಭಾರತವನ್ನು ಮುಟ್ಟಿದ್ದು 1802ರಲ್ಲಿ. ಸಿಡುಬನ್ನು ‘ಅಮ್ಮ’ನೆಂದು ಪೂಜಿಸುತ್ತಿದ್ದ ಜನರಿಗೆ ಹಸುವಿನ ಮೈಲಿಯಿಂದ ತೆಗೆದ ಕೀವನ್ನು ತೋಳಿಗೆ ಚುಚ್ಚಿಸಿಕೊಳ್ಳಿರೆಂದು ಹೇಳುವುದು ಸುಲಭದ ಮಾತಲ್ಲ. ಆದರೂ 1803-04ರ ಕೆಲವೇ ತಿಂಗಳುಗಳಲ್ಲಿ ದುಬ್ವಾ ಅವರ ಮೇಲ್ವಿಚಾರಣೆಯಲ್ಲಿ 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಲಾಯಿತು. (ಈ ಕ್ರಿಯೆಗೆ ನಮ್ಮ ಜನ ‘ದೇವಿ ಹಾಕುವುದು’ ಎಂದೇ ಹೆಸರಿಟ್ಟರು. ಹೊಸದನ್ನು ಒಪ್ಪಿಕೊಂಡರೂ ಹಳೆಯ ಅಮ್ಮನನ್ನು ಕೈಬಿಡಲಿಲ್ಲ!) ಹಾಸನದ ಸಮೀಪದಲ್ಲಿ ಬಡ ಕ್ರೈಸ್ತರಿಗೆ ಭೂಮಿ ಕೊಡಿಸಿ ಬೇಸಾಯಕ್ಕೆ ಹಚ್ಚಿದವರೂ ಅವರೇ.

ಇನ್ನು ಆ ಗ್ರಂಥ. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಹಸ್ತಪ್ರತಿಯನ್ನು ಮದರಾಸು ಸರ್ಕಾರಕ್ಕೆ ತಲುಪಿಸಿದನು. 1807ರಲ್ಲಿ ಕಂಪನಿ ಸರ್ಕಾರ ಅದನ್ನು 2,000 ವರಹಗಳಿಗೆ ಕೊಂಡುಕೊಂಡಿತು. ಇಂಗ್ಲಿಷ್ ಭಾಷಾಂತರ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹುಟ್ಟಿನಿಂದ ಚಟ್ಟದವರೆಗೆ ಬ್ರಾಹ್ಮಣನ ಒಂದೊಂದು ಕರ್ಮವೂ ಅದರಲ್ಲಿ ವಿವರವಾಗಿದೆ. ತೀರ್ಪುಗಳು ಮಾತ್ರ ಕಟುವಾಗಿವೆ. ಜಾತಿಪದ್ಧತಿಯನ್ನು ಬುದ್ಧಿವಂತ ಏರ್ಪಾಡೆಂದು ಮೆಚ್ಚಿಕೊಂಡ ಲೇಖನಿಯೇ ಜನರ ದೇವತೆಗಳ ವಿಷಯ ಬಂದಾಗ ಹೇವರಿಕೆಯನ್ನು ಬಚ್ಚಿಡುವುದಿಲ್ಲ. ಪೇಟ ತಲೆಯ ಮೇಲಿತ್ತು, ಒಳಗೆ ಇಳಿದಿರಲಿಲ್ಲ ಎನ್ನಬೇಕಾಗುತ್ತದೆ.

ಅಷ್ಟೂ ಅವರ ಸ್ವಂತದ್ದಲ್ಲ ಎಂಬ ಸಂಗತಿ ಬಹುಕಾಲದ ಮೇಲೆ ಬಯಲಾಯಿತು. ಗ್ರಂಥದ ಹೆಚ್ಚಿನ ಭಾಗ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಹಸ್ತಪ್ರತಿಯಿಂದ ಬಂದದ್ದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸನಿಗಿಂತ ಮೊದಲೇ ಗುರುತಿಸಿದ್ದ ಕೂರ್ದೂ 1779ರಲ್ಲಿ ಪುದುಚೇರಿಯಲ್ಲಿ ತೀರಿಕೊಂಡಿದ್ದರು. ಇಷ್ಟು ವರ್ಷ ಜನರ ನಡುವೆ ಬಾಳಿದವರಿಗೆ ಇನ್ನೊಬ್ಬರ ಕಣ್ಣಿನ ಸಾಲ ಏಕೆ ಬೇಕಾಯಿತೋ!

ದುಬ್ವಾ ಅವರದೇ ದನಿ ಕೇಳಬೇಕಾದರೆ 1823ರಲ್ಲಿ ಪ್ರಕಟವಾದ ಅವರ ಪತ್ರಗಳನ್ನು ನೋಡಬೇಕು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳವು. ಇಷ್ಟು ವರ್ಷಗಳ ದುಡಿಮೆಯಲ್ಲಿ ತಾವು ಮತಕ್ಕೆ ಸೇರಿಸಿದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರ, ಅವರಲ್ಲಿಯೂ ಬಹುಪಾಲು ಮಂದಿ ದಿಕ್ಕಿಲ್ಲದವರು ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಪ್ರೊಟೆಸ್ಟೆಂಟ್ ಮಿಷನರಿಗಳು ಕೆರಳಿ ಉತ್ತರದ ಪುಸ್ತಕಗಳನ್ನೇ ಬರೆದರು.

ಆ ಪತ್ರಗಳಲ್ಲೊಂದು ಪ್ರಸಂಗ ಮರೆಯುವಂಥದಲ್ಲ. ಆಸ್ತಿಯ ಪಾಲನ್ನು ಪರದೇಶದಲ್ಲಿ ಹಾಳುಮಾಡಿ, ಹಸಿದು ಹಿಂದಿರುಗಿದ ಮಗನ ಕಥೆ ಬೈಬಲಿನಲ್ಲಿದೆ. ತಂದೆ ಅವನನ್ನು ಅಪ್ಪಿಕೊಂಡು, ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡಿಸುತ್ತಾನೆ. ದುಬ್ವಾ ತಮ್ಮ ಸಭೆಯಲ್ಲಿ ಈ ಕಥೆಯನ್ನು ವಿವರಿಸಿದಾಗ, ಕರುವಿನ ಮಾತು ಬಂದೊಡನೆ ಕೇಳುವವರ ಮನಸ್ಸು ಕದಡಿತು. ಕೂತಿದ್ದವರು ಕ್ರೈಸ್ತರೇ! ಇನ್ನು ಮುಂದೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿ ಎನ್ನಿರೆಂದು ಅವರಲ್ಲಿ ಕೆಲವರು ಪಾದ್ರಿಗಳಿಗೆ ಬುದ್ಧಿ ಹೇಳಿದರು. ಪುಣ್ಯಕೋಟಿಯ ನಾಡಿನವರಿಗೆ ಇದರಲ್ಲಿ ಅಚ್ಚರಿಯೇನೂ ತೋರದು. ದುಬ್ವಾ ಮಾತ್ರ ಇದನ್ನು ಸುವಾರ್ತೆಗೆ ಒದಗಿದ ಅಡ್ಡಿಯೆಂದೇ ಬಗೆದರು. ಮಗ ಮನೆಗೆ ಬಂದ ಸಂತೋಷವನ್ನು ಆ ಜನ ಅಲ್ಲಗಳೆಯಲಿಲ್ಲ, ಔತಣದ ಅಡಿಗೆಯನ್ನು ಮಾತ್ರ ತಿದ್ದಿದರು ಎಂಬುದು ಅವರಿಗೆ ಹೊಳೆಯಲಿಲ್ಲ.

ಇನ್ನೊಂದು ಪತ್ರಭಾಗದಲ್ಲಿ ಹಬ್ಬಗಳ ಮಾತು ಬರುತ್ತದೆ. ರಾತ್ರಿಯ ಹೊತ್ತು ಪಂಜುಗಳ ಬೆಳಕಿನಲ್ಲಿ, ತಮಟೆ ತುತ್ತೂರಿಗಳ ಗದ್ದಲದಲ್ಲಿ, ಹೂವಿನಿಂದ ಸಿಂಗರಿಸಿದ ತೇರಿನ ಮೇಲೆ ಸಂತರ ವಿಗ್ರಹವನ್ನಿಟ್ಟು ಮೆರೆಸುವ ದೇಶೀಯ ಕ್ರೈಸ್ತರನ್ನು ಕಂಡು ತಮಗೆ ಸದಾ ನಾಚಿಕೆಯಾಗುತ್ತಿತ್ತೆಂದು ಅವರು ಬರೆದರು. ಉಡುಪಿನಲ್ಲಿ ಹಿಂದೂಸ್ಥಾನಿಯಾದ ಗುರುವಿಗೆ ಭಕ್ತಿಯಲ್ಲಿ ಹಿಂದೂಸ್ಥಾನಿಗಳಾಗಿ ಉಳಿದ ಶಿಷ್ಯರು ಸಹಿಸದಾದರು.

ಅವರು ಮಂದಿರ ಕಟ್ಟಿಸಿದ ಸ್ಥಳದಲ್ಲಿ ಇಂದು ಸೆಪ್ಟೆಂಬರ್ 8ರಂದು ನಡೆಯುವುದು ತೇರಿನ ಹಬ್ಬವೇ. ಮಾತೆಯ ವಿಗ್ರಹಕ್ಕೆ ಸೀರೆ ಉಡಿಸುತ್ತಾರೆ. ಸಿ.ವಿ. ರಾಮನ್ ನಗರ, ಹಲಸೂರುಗಳಿಂದ, ಇನ್ನೂ ದೂರದಿಂದ ಭಕ್ತರು ಬರುತ್ತಾರೆ. ಕಾವಿ ಬಣ್ಣದ ಬಟ್ಟೆಯುಟ್ಟು ಹರಕೆ ಹೊತ್ತವರು ಕಾಲ್ನಡಿಗೆಯಲ್ಲಿಯೇ ಬರುವುದುಂಟು. ಕನ್ನಡ, ತಮಿಳು, ಇಂಗ್ಲಿಷ್‌ಗಳಲ್ಲಿ ಪೂಜೆ ನಡೆಯುತ್ತದೆ. ಕಾಣಿಕೆಯೊಪ್ಪಿಸುವವರಲ್ಲಿ ಕ್ರೈಸ್ತರಲ್ಲದವರೂ ಧಾರಾಳವಾಗಿರುತ್ತಾರೆ. ಸಂಜೆ ತೇರು ಬೀದಿಗಿಳಿಯುತ್ತದೆ.

ಪತ್ರಗಳು ಪ್ರಕಟವಾದ 1823ರಲ್ಲಿಯೇ ದುಬ್ವಾ ಕಂಪನಿಯ ಖರ್ಚಿನಲ್ಲಿ ಸ್ವದೇಶಕ್ಕೆ ಮರಳಿದರು. ಮತ್ತೆ ಇತ್ತ ಬರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ಅವರು ತೀರಿಕೊಂಡರು. ಹೋಗುವಾಗ ಅವರ ಜೊತೆಯಲ್ಲಿ ಪಂಚತಂತ್ರದ ಪ್ರತಿಗಳಿದ್ದವು: ತಮಿಳಿನದೊಂದು, ತೆಲುಗಿನದೊಂದು, ಕನ್ನಡದ್ದೊಂದು. ಹನ್ನೊಂದನೆಯ ಶತಮಾನದಲ್ಲಿಯೇ ನಮ್ಮ ದುರ್ಗಸಿಂಹ ಕನ್ನಡಕ್ಕೆ ತಂದಿದ್ದ ನರಿ, ಎತ್ತು, ಸಿಂಹಗಳ ಕಥೆಗಳನ್ನು ಆ ಮೂರು ಪ್ರತಿಗಳಿಂದ ಫ್ರೆಂಚಿಗೆ ತಿರುಗಿಸಿ 1826ರಲ್ಲಿ ಅಚ್ಚು ಹಾಕಿಸಿದಾಗ ದೊಡ್ಡ ಸ್ವಾಮಿಯವರಿಗೆ ಅರವತ್ತು ತುಂಬಿತ್ತು.