ಕಾರ್ಡು ತೋರಿಸಿದರೆ ಬಾಗಿಲು ತೆರೆದೀತು, ಕರೆಂಟು ಹೋದರೆ?

2025ರ ಮೇ ತಿಂಗಳಲ್ಲಿ ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು 59 ಕಿಲೋ ಅಡವಿನ ಬಂಗಾರ ಮಾಯವಾಯಿತಲ್ಲ, ನೆನಪದ ಏನ್ರಿ? ಪೊಲೀಸರು ಹೇಳುವ ಪ್ರಕಾರ ಆರೋಪಿಗಳಲ್ಲಿ ಮುಖ್ಯನಾದವನು ಅದೇ ಶಾಖೆಯ ಹಿಂದಿನ ಮ್ಯಾನೇಜರ್! ವರ್ಗವಾಗಿ ಹೋಗುವ ಮೊದಲೇ ನಕಲಿ ಕೀಲಿಕೈ ಸಿದ್ಧವಾಗಿದ್ದವಂತೆ.

ಅದೇ ವರ್ಷ ಸೆಪ್ಟೆಂಬರ್ 16ರಂದು, ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದ ಚಡಚಣದ ಸ್ಟೇಟ್ ಬ್ಯಾಂಕಿಗೆ ಮುಸುಕುಧಾರಿಗಳು ಪಿಸ್ತೂಲು ಹಿಡಿದೇ ನುಗ್ಗಿದರು. ಪಿಸ್ತೂಲಿಗೆ ಯಾವ ಕೀಲಿಯೂ ಅಡ್ಡ ಬರುವುದಿಲ್ಲ ಎನ್ನಿ. ಮನಗೂಳಿಯದು ಮಾತ್ರ ಕೀಲಿಕೈಯದೇ ಕಥೆ.

ಇದನ್ನು ಕೇಳಿ ನಮ್ಮ ಪತ್ತಿನ ಸೊಸಾಯಿಟಿಯವರು ‘ಎಲೆಕ್ಟ್ರಾನಿಕ್ ಕೀಲಿ ಹಾಕಿಸೂಣು’ ಅಂದರೆ ತಪ್ಪೇನಿಲ್ಲ. ಆದರೆ ಯಾವುದು?

125 ಕಿಲೋಹರ್ಟ್ಜ್‌ನ ಅಗ್ಗದ ಕಾರ್ಡಿಗೆ ನಕಲು ತೆಗೆಯುವ ಯಂತ್ರ ಬಂದಿದೆ, ನಿಮಿಷದ ಕೆಲಸ. ಕೀಲಿಕೈ ಹೋಗಿ ಕಾರ್ಡು ಬಂತು, ನಕಲು ಹಾಗೇ ಉಳಿಯಿತು! 13.56 ಮೆಗಾಹರ್ಟ್ಜ್ ಅಂದ ಮಾತ್ರಕ್ಕೂ ನಂಬಬೇಡಿ. ಹಳೆಯ ಮೈಫೇರ್ ಕ್ಲಾಸಿಕ್ ಕಾರ್ಡಿನ ಗುಟ್ಟು 2008ರಲ್ಲೇ ಬಯಲಾಗಿದೆ. ಡೆಸ್‌ಫೈರ್ ಜಾತಿಯದನ್ನು ಕೇಳಿ. ಕಾರ್ಡಿನ ದೊಡ್ಡ ಲಾಭ ಬೇರೆಯೇ ಇದೆ: ವರ್ಗವಾದ ಸಾಹೇಬರ ಕಾರ್ಡನ್ನು ಅದೇ ಸಂಜೆ ರದ್ದು ಮಾಡಬಹುದು, ಕೀಲಿ ಬದಲಿಸುವ ಖರ್ಚಿಲ್ಲ. ರದ್ದು ಮಾಡುವವರು ಯಾರು ಅಂತ ಮಾತ್ರ ಮೊದಲೇ ಬರೆದಿಡಿ.

ಬೆರಳಚ್ಚು? ಇಂಡಿಯ ಲಿಂಬೆ ತೋಟದಲ್ಲಿ, ಸಿಂದಗಿಯ ಹತ್ತಿ ಹೊಲದಲ್ಲಿ ದುಡಿದು ಸವೆದ ಬೆರಳಿಗೆ ರೇಷನ್ ಅಂಗಡಿ ಯಂತ್ರವೇ ‘ಒಲ್ಲೆ’ ಅಂತೈತಿ. ಅಂಥವರಿಗೆ ಕಾರ್ಡೇ ವಾಸಿ.

ಇನ್ನು ಕರೆಂಟು. ಮ್ಯಾಗ್ನೆಟ್ ಕೀಲಿ ಕರೆಂಟು ಇರುವತನಕ ಹಿಡಿಯುತ್ತದೆ, ಹೋದರೆ ಬಿಡುತ್ತದೆ. ಮುದ್ದೇಬಿಹಾಳದ ಹಾಸ್ಟೆಲಿಗೋ ಕಲ್ಯಾಣ ಮಂಟಪಕ್ಕೋ ಅದೇ ಸರಿ. ಬೆಂಕಿ ಬಿದ್ದರೆ ಜನ ಹೊರಗೆ ಓಡಬೇಕಲ್ಲ! ತಿಜೋರಿ ಕೋಣೆಗೆ ಅದು ಬ್ಯಾಡ್ರಿ. ಕರೆಂಟು ಹೋದರೂ ಹೊರಗಿನವರಿಗೆ ಬಿಡದ, ಒಳಗಿನವರು ಹಿಡಿಕೆ ತಿರುವಿದರೆ ತೆರೆಯುವ ಕೀಲಿ ಬೇಕು. 12 ವೋಲ್ಟಿನ, 7 ಆಂಪಿಯರ್-ಅವರ್ ಬ್ಯಾಟರಿ ಅರ್ಧ ಆಂಪಿಯರ್ ಎಳೆಯುವ ಮ್ಯಾಗ್ನೆಟ್ಟಿಗೆ ಲೆಕ್ಕದಲ್ಲಿ 14 ತಾಸು. ಬ್ಯಾಟರಿ ಹಳತಾದರೆ ಆ ಲೆಕ್ಕ ಕಾಗದದ ಮೇಲೆ!

ಅಗ್ಗದ ಪೆಟ್ಟಿಗೆಗಳಲ್ಲಿ ಕಾರ್ಡು ಓದುವುದೂ ಬಾಗಿಲು ಬಿಡುವ ಸ್ವಿಚ್ಚೂ ಒಂದರಲ್ಲೇ ಇರುತ್ತವೆ. ಅದನ್ನು ಹೊರಗೋಡೆಗೆ ಬಡಿದರೆ, ಸ್ಕ್ರೂ ಬಿಚ್ಚಿ ಎರಡು ವೈರು ಕೂಡಿಸಿದವನಿಗೆ ಕಾರ್ಡೇ ಬೇಕಿಲ್ಲ. ಕಂಟ್ರೋಲರ್ ಒಳಗಿರಲಿ. ಯಾರು ಯಾವಾಗ ಬಂದರೆಂಬ ದಾಖಲೆಯ ಪ್ರತಿ ಬೇರೆ ಊರಿನಲ್ಲೂ ಇರಲಿ. ಮನಗೂಳಿಯಲ್ಲಿ ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆಯನ್ನೂ ಹೊತ್ತೊಯ್ದಿದ್ದರು.